ಲ್ಯಾಂಬ್ಡಾ ಇಳಿಸಿದ್ದು ಹೀಗೆ
ಗಿಡದ ಎತ್ತರಕ್ಕೆ ಯಾವ ಮಾರ್ಕರ್ (ಗಿಡದಿಂದ ಗಿಡಕ್ಕೆ ಬದಲಾಗುವ ಡಿಎನ್‌ಎ ಗುರುತು) ಜೊತೆ ನಂಟಿದೆ ಅಂತ ಹುಡುಕುತ್ತಿದ್ದೆ. ಸರಳ ರಿಗ್ರೆಶನ್‌ನಲ್ಲಿ ಎಲ್ಲ ಕ್ರೋಮೋಸೋಮ್‌ಗಳಲ್ಲೂ ಪಿ-ಮೌಲ್ಯ ತೀರಾ ಚಿಕ್ಕದು, ಅಂದರೆ ಎಲ್ಲೆಲ್ಲೂ ನಂಟಿದೆ ಅನ್ನುವ ಹಾಗೆ. ಫಲಿತಾಂಶಗಳು ಆಕಸ್ಮಿಕವಾಗಿ ಬರಬೇಕಾದ್ದಕ್ಕಿಂತ ಎಷ್ಟು ಪಟ್ಟು ಉಬ್ಬಿವೆ ಅಂತ ತೋರಿಸುವ ಅಳತೆ ಲ್ಯಾಂಬ್ಡಾ. ಅದು 1ರ ಹತ್ತಿರ ಇರಬೇಕು, ಅಲ್ವಾ? ಇಲ್ಲಿ ತುಂಬಾ ಜಾಸ್ತಿ ಇತ್ತು.

ಕಾರಣ, ಗಿಡಗಳ ನಡುವಿನ ಸಂಬಂಧ. ಒಂದೇ ಕುಟುಂಬದ ಗಿಡಗಳು ಎತ್ತರವನ್ನೂ ಹಂಚಿಕೊಳ್ಳುತ್ತವೆ, ಸಾವಿರಾರು ಮಾರ್ಕರ್‌ಗಳನ್ನೂ ಹಂಚಿಕೊಳ್ಳುತ್ತವೆ. ಇದನ್ನು ಸರಿಪಡಿಸಲು ಪ್ರಿನ್ಸಿಪಲ್ ಕಾಂಪೊನೆಂಟ್‌ಗಳು (ಮಾರ್ಕರ್‌ಗಳಲ್ಲಿನ ವ್ಯತ್ಯಾಸವನ್ನು ಕೆಲವೇ ಅಂಕಿಗಳಲ್ಲಿ ಹಿಡಿದಿಡುವ ಸಾರಾಂಶ) ಸಾಲಲಿಲ್ಲ. ಅವು ದೊಡ್ಡ ಗುಂಪುಗಳನ್ನು ಹಿಡಿಯುತ್ತವೆ, ಹತ್ತಿರದ ನೆಂಟಸ್ತಿಕೆ ಜಾರಿಹೋಗುತ್ತದೆ. ಮಾರ್ಕರ್‌ಗಳಿಂದಲೇ ಕಿನ್‌ಶಿಪ್ ಮ್ಯಾಟ್ರಿಕ್ಸ್ (ಪ್ರತಿ ಎರಡು ಗಿಡಗಳು ಎಷ್ಟು ಹತ್ತಿರದ ನೆಂಟರು ಅನ್ನುವ ಪಟ್ಟಿ) ಮಾಡಿ, ಆ ನೆಂಟಸ್ತಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಮಿಕ್ಸೆಡ್ ಮಾಡೆಲ್‌ಗೆ ಕೊಟ್ಟೆ. ಲ್ಯಾಂಬ್ಡಾ ಸರಿಹೋಯಿತು. ಆದರೆ ನಿಜವಾದ ಸಿಗ್ನಲ್ ಕೂಡ ಮಂಕಾಯಿತು, ಯಾಕೆಂದರೆ ಪರೀಕ್ಷಿಸುವ ಮಾರ್ಕರ್ ಮ್ಯಾಟ್ರಿಕ್ಸ್ ಒಳಗೂ ಇತ್ತು. ಹಾಗಾಗಿ ಆ ಮಾರ್ಕರ್ ಇರುವ ಕ್ರೋಮೋಸೋಮ್ ಬಿಟ್ಟು, ಉಳಿದವುಗಳಿಂದ ಮ್ಯಾಟ್ರಿಕ್ಸ್ ಕಟ್ಟಿದೆ. ನಕ್ಷೆಯಲ್ಲಿ ನಿಜವಾದ ನಂಟಿನ ಶಿಖರಗಳು ಸ್ಪಷ್ಟವಾಗಿ ಎದ್ದು ಬಂದವು. ನನಗೆ ತುಂಬಾ ಖುಷಿ ಕೊಟ್ಟ ಹೆಜ್ಜೆ ಇದೇ.

ಆನುವಂಶೀಯತೆ (ಎತ್ತರದ ವ್ಯತ್ಯಾಸದಲ್ಲಿ ವಂಶವಾಹಿಗಳ ಪಾಲು) ಅಂದಾಜು ಮಾಡುವಾಗ ಮಾತ್ರ ಎಲ್ಲ ಕ್ರೋಮೋಸೋಮ್‌ಗಳೂ ಸೇರಿದ ಮ್ಯಾಟ್ರಿಕ್ಸನ್ನೇ ಬಳಸಿ.