ಎಳೆ ಜೋಳ, ಹಳದಿ ಪಟ್ಟಿ: 14 ವರ್ಷದ ನನ್ನ ಅನುಭವ

ಹೋದ ತಿಂಗಳು ಇಥಿಯೋಪಿಯಾದಿಂದ ಒಬ್ಬ ಪಿಎಚ್‌ಡಿ ಹುಡುಗ ಪತ್ರ ಬರೆದಿದ್ದ. ಪಿಕ್ರೇಟ್ ಪಟ್ಟಿ ಅಂದರೆ ಮೇವಿನಲ್ಲಿ ಸೈನೈಡ್ ವಿಷ ಇದ್ದರೆ ಹಳದಿಯಿಂದ ಕೆಂಪಾಗುವ ಕಾಗದದ ಚೂರು. ಅದರ ಮೇಲಿನ ನನ್ನ 4 ಪುಟದ ಲೇಖನ ಓದಿ ತನ್ನೂರಿನ ಜೋಳದ ಹೊಲದಲ್ಲಿ ಮಾಡಿ ನೋಡಿದ್ದಾನೆ. ಬಣ್ಣ ಸರಿಯಾಗಿ ಬಂತಂತೆ. ಆದರೆ ತನ್ನ ಪಟ್ಟಿ 10 ದಿನಕ್ಕೆ ಮಂಕಾಗುತ್ತದೆ, ನಿಮ್ಮದು 2 ತಿಂಗಳು ಹೇಗೆ ಉಳಿಯುತ್ತದೆ ಎಂದು ಕೇಳಿದ್ದಾನೆ. ಓದಿ ತುಂಬಾ ಖುಷಿಯಾಯಿತು. ನಾನು ಇದನ್ನು ಶುರು ಮಾಡಿದಾಗ "ಫ್ರಾನ್ಸಿನ ವಿಜ್ಞಾನಿ ಗಿನ್ಯಾರ್ 1906ರಲ್ಲೇ ಮಾಡಿದ್ದನ್ನು ನೀವೇನು ಹೊಸದಾಗಿ ಮಾಡ್ತೀರಿ?" ಎಂದವರೇ ಜಾಸ್ತಿ. ಈಗ ಅವರಲ್ಲೇ ಇಬ್ಬರು ನನ್ನ ಹತ್ತಿರ ಪಟ್ಟಿ ತರಿಸಿಕೊಳ್ಳುತ್ತಾರೆ. ಹಾಗಾಗಿ ಆದದ್ದನ್ನು ಒಂದು ಸಲ ಬರೆದಿಡೋಣ ಅನ್ನಿಸಿತು.

ನಾನು ಮೊದಲು ಕೀಟನಾಶಕದ ಉಳಿಕೆ ಹುಡುಕುವವನು. ಹಾಲು, ಮೇವು, ಕೊಬ್ಬು, ಎಲ್ಲವನ್ನೂ ರಾಸಾಯನಿಕ ಬೇರ್ಪಡಿಸಿ ಅಳೆಯುವ ಯಂತ್ರವಾದ ಎಚ್‌ಪಿಎಲ್‌ಸಿಗೆ ಹಾಕುವುದೇ ಕೆಲಸ. 2010ರ ಜುಲೈಯಲ್ಲಿ ಡೋಣಿ ನದಿ ದಂಡೆಯ ಒಂದು ಹಳ್ಳಿಯಿಂದ ಫೋನ್ ಬಂತು. ಒಂದು ಜೋಡಿ ಎತ್ತು, ಒಂದು ಎಮ್ಮೆ, ಅರ್ಧ ತಾಸಿನಲ್ಲಿ ಮೂರೂ ಸತ್ತಿದ್ದವು. ನಾವು ಹೋಗುವ ಹೊತ್ತಿಗೆ ಪೊಲೀಸರೂ ಬಂದಿದ್ದರು. ಯಜಮಾನರು ಅಳುತ್ತಾ, "ಸಾಹೇಬ್ರ, ಬಾಜೂ ಹೊಲದವ್ರು ಎಣ್ಣಿ ಹಾಕ್ಯಾರ್ರೀ, ನೀವ ಬರದ ಕೊಡ್ರಿ" ಅಂದರು. ಎಣ್ಣಿ ಅಂದರೆ ಹೊಲಕ್ಕೆ ಹೊಡೆಯುವ ಔಷಧಿ.

ಪೋಸ್ಟ್ ಮಾರ್ಟಮ್ ಮಾಡಿದಾಗ ರಕ್ತ ಕಡುಗೆಂಪಾಗಿ ಹೊಳೆಯುತ್ತಿತ್ತು. ಜೊತೆಗಿದ್ದ ಡಾಕ್ಟರಿಗೆ ರೂಮೆನ್ (ದನದ ದೊಡ್ಡ ಹೊಟ್ಟೆ) ತೆರೆದ ಕೂಡಲೇ ಕಹಿ ಬಾದಾಮಿ ವಾಸನೆ ಬಂತು. ನನಗೆ ಬರಲಿಲ್ಲ. ಸೈನೈಡಿನ ವಾಸನೆ ಕೆಲವರಿಗೆ ಹುಟ್ಟಿನಿಂದಲೇ ಬರುವುದಿಲ್ಲ, ನಾನೂ ಅವರಲ್ಲೊಬ್ಬ. ಹೊಲ ನೋಡಿದೆವು. ಮುಂಗಾರಿ ಜೋಳ ಮೂರು ವಾರ ಮಳೆಯಿಲ್ಲದೆ ಬಾಡಿತ್ತು. ಆಮೇಲೆ ಒಂದು ಮಳೆ ಬಿದ್ದು ಬುಡದಿಂದ ಹಸಿರು ಮರಿ ಒಡೆದಿತ್ತು. ಹೀಗೆ ಬಾಡಿ ಮತ್ತೆ ಚಿಗುರಿದ ಎಳೆ ಜೋಳದಲ್ಲಿ ಧುರಿನ್ ಎಂಬ ವಸ್ತು ಜಾಸ್ತಿ ಇರುತ್ತದೆ, ದನ ಅದನ್ನು ಅಗಿದಾಗ ಸೈನೈಡ್ ಬಿಡುತ್ತದೆ.

ಮಾದರಿ ಕಳಿಸಿದೆವು. ಸುಮಾರು 5 ತಿಂಗಳಾದ ಮೇಲೆ "ವಿಷ ಪತ್ತೆಯಾಗಿಲ್ಲ" ಎಂದು ವರದಿ ಬಂತು. ಡಬ್ಬಿಯ ಮುಚ್ಚಳ ಸಡಿಲ, ದಾರಿಯಲ್ಲಿ ಐಸ್ ಇಲ್ಲ, ಮಾದರಿ ಕೆಡದಂತೆ ಹಾಕುವ ಮರ್ಕ್ಯುರಿಕ್ ಕ್ಲೋರೈಡ್ ಹಾಕಿರಲಿಲ್ಲ. ಸೈನೈಡ್ ಎಲ್ಲಿ ಉಳಿಯಬೇಕು? ವಿಮೆ ಹಣ ಬರಲಿಲ್ಲ. ಎರಡು ಮನೆಯವರು ಮಾತು ಬಿಟ್ಟರು. ಆ ಎರಡನೇ ಮನೆಯವರು ಏನೂ ಮಾಡಿರಲಿಲ್ಲ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಉತ್ತರ ಹೊಲದಲ್ಲೇ ಸಿಗಬೇಕು, ದನ ಸಾಯುವ ಮೊದಲೇ ಸಿಗಬೇಕು ಅಂದುಕೊಂಡೆ. ಮೊದಲು ಎಲ್ಲರಂತೆ ದೊಡ್ಡ ಪ್ರಸ್ತಾವನೆ ಬರೆದೆ. ಉಪಕರಣ, ವಾಹನ, ಇಬ್ಬರು ಸಹಾಯಕರು ಸೇರಿ 22 ಲಕ್ಷದ ಹತ್ತಿರ. ಎರಡು ಸಲ ವಾಪಸ್ ಬಂತು. ಮೂರನೇ ಸಲ ಬರೆಯಲಿಲ್ಲ. ಕೈಯಿಂದಲೇ 18-20 ಸಾವಿರ ಹಾಕಿ ಪಿಕ್ರಿಕ್ ಆಸಿಡ್, ಸೋಡಿಯಂ ಕಾರ್ಬೊನೇಟ್, ವಾಟ್‌ಮನ್ ಸೋಸುಕಾಗದ, ಕಾರ್ಕ್ ಇರುವ ಟ್ಯೂಬು ತಂದೆ. ಪಿಕ್ರಿಕ್ ಆಸಿಡ್ಡನ್ನು ಕೊರಿಯರಿನವರು ಮುಟ್ಟುವುದಿಲ್ಲ. ಒಣಗಿದರೆ ಸಿಡಿಯುವ ವಸ್ತು, ಅವರದೇನೂ ತಪ್ಪಿಲ್ಲ. ನಾನೇ ಹೋಗಿ ನೀರಲ್ಲಿ ನೆನೆದ ಬಾಟಲಿ ತಂದೆ. ಈಗಲೂ ವಾರಕ್ಕೊಮ್ಮೆ ಮುಚ್ಚಳದ ಸುತ್ತ ಹಳದಿ ಹರಳು ಕಟ್ಟಿದೆಯಾ ಎಂದು ನೋಡುತ್ತೇನೆ. ನೀವೂ ನೋಡಿ.

ಮೊದಲ ವರ್ಷ ಪೂರ್ತಿ ಸೋಲು. ಎಲೆ ಹಾಕಿ ಮುಚ್ಚಿದ ಟ್ಯೂಬಿನಲ್ಲಿ, ಲ್ಯಾಬಿನಲ್ಲಿ 5 ನಿಮಿಷಕ್ಕೆ ಕೆಂಪಾಗುತ್ತಿದ್ದ ಪಟ್ಟಿ ಹೊಲದಲ್ಲಿ ಹಳದಿಯಾಗೇ ಇರುತ್ತಿತ್ತು. ಡಿಸೆಂಬರಿನ ಬೆಳಗ್ಗೆ ಬೀದರ್ ಕಡೆ ಒಂದು ಕೂಳೆ ಜೋಳಕ್ಕೆ "ಭಯವಿಲ್ಲ" ಎಂದು ಹೇಳಿ ಬಂದೆ. ಮನಸ್ಸು ತಡೆಯದೆ ಮಧ್ಯಾಹ್ನ ಮತ್ತೆ ಹೋಗಿ ನೋಡಿದರೆ ಅದೇ ಎಲೆ ಇಟ್ಟಿಗೆ ಬಣ್ಣ ಕೊಟ್ಟಿತು. ಪುಣ್ಯಕ್ಕೆ ಅಷ್ಟರೊಳಗೆ ಯಾರೂ ದನ ಬಿಟ್ಟಿರಲಿಲ್ಲ. ಎಲೆಯೊಳಗಿನ ಸೈನೈಡ್ ಬಿಡಿಸುವ ಕಿಣ್ವ ಚಳಿಯಲ್ಲಿ ತೀರಾ ನಿಧಾನವಾಗಿ ಕೆಲಸ ಮಾಡುತ್ತದೆ. ಅವತ್ತಿನಿಂದ ಟ್ಯೂಬನ್ನು 10 ನಿಮಿಷ ಕಂಕುಳಲ್ಲಿ ಇಟ್ಟುಕೊಳ್ಳುತ್ತೇವೆ. ಮೈಯ ಬಿಸಿ ಸಾಕು. ಇದಕ್ಕಿಂತ ಒಳ್ಳೆಯ ಇನ್‌ಕ್ಯುಬೇಟರ್ ನನಗಂತೂ ಸಿಕ್ಕಿಲ್ಲ.

ಎರಡನೇ ಸೋಲು ಮಾದರಿಯದ್ದು. ಬದುವಿನ ಮೇಲೆ ನಿಂತು ಕೈಗೆ ಸಿಕ್ಕ ದೊಡ್ಡ ಎಲೆ ಕೀಳುತ್ತಿದ್ದೆವು. ದನ, ಅದರಲ್ಲೂ ಕುರಿ, ತಿನ್ನುವುದು ಸುಳಿಯನ್ನು. ವಿಷ ಇರುವುದೂ ಅಲ್ಲೇ. ಈಗ ಹೊಲದಲ್ಲಿ ಅಡ್ಡಾಡಿ ಕನಿಷ್ಠ 10 ಕಡೆ ಸುಳಿ, ಮರಿ ಎಲೆ ಮಾತ್ರ ತೆಗೆಯುತ್ತೇವೆ. ಕೊರಕಲು, ಮೂಲೆ, ಗೊಬ್ಬರದ ಗುಡ್ಡೆ ಹಾಕಿದ್ದ ಜಾಗ ಬಿಡಬಾರದು. ಯೂರಿಯಾ ಬಿದ್ದ ಕಡೆ ಕೆಂಪು ಬೇಗ ಬರುತ್ತದೆ.

ಪಟ್ಟಿಯ ಬಣ್ಣ ಹೋಲಿಸಿ ನೋಡುವ ಕಾರ್ಡಿಗೆ ಬಹಳ ಒದ್ದಾಡಿದೆ. ಹಸಿ ಮೇವಿನಲ್ಲಿ ಸೈನೈಡ್ 200 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 200 ಪಾಲು) ದಾಟಿದರೆ ಅಪಾಯ ಎಂಬುದು ಲೆಕ್ಕ. ಆ 200 ಯಾವ ಬಣ್ಣ ಅನ್ನುವುದೇ ಪ್ರಶ್ನೆ. ಪಟ್ಟಿಯ ಬಣ್ಣ ನೀರಿಗೆ ಬಿಡಿಸಿ 510 ನ್ಯಾನೊಮೀಟರಿನ ಬೆಳಕಿನಲ್ಲಿ ಅಳೆದೆ. ಆಮೇಲೆ ಪೇಂಟ್ ಅಂಗಡಿಯ ಶೇಡ್ ಕಾರ್ಡು ತಂದು ಹೊಂದಿಸುತ್ತಾ ಕೂತೆ. ಮುನ್ನೂರಕ್ಕೂ ಹೆಚ್ಚು ಟ್ಯೂಬು ಆಗಿರಬೇಕು. ಕೊನೆಗೆ ಮೂರೇ ಬಣ್ಣ ಉಳಿಸಿದೆ. ಹಳದಿ ಇದ್ದರೆ ಮೇಯಿಸಿ. ಕಿತ್ತಳೆ ಇದ್ದರೆ ಕಾಯಿರಿ. ಇಟ್ಟಿಗೆ ಕೆಂಪು ಬಂದರೆ ದನ ಬಿಡಬೇಡಿ. ಐದು ಬಣ್ಣ ಇಡಿ ಎಂದು ಲೇಖನದ ವಿಮರ್ಶಕರು ಹಠ ಹಿಡಿದಿದ್ದರು, ನಾನು ಒಪ್ಪಲಿಲ್ಲ. ಹೊಲದಲ್ಲಿ ನಿಂತ ಮನುಷ್ಯನಿಗೆ ದನ ಬಿಡಬೇಕೋ ಬೇಡವೋ ಅಷ್ಟೇ ಬೇಕು, ಅಲ್ವಾ?

ಪಟ್ಟಿ ಮಂಕಾಗದಂತೆ ಇಡುವ ಬಗ್ಗೆ ಇಷ್ಟು ಮಾತ್ರ ಹೇಳುತ್ತೇನೆ. ಒಣಗಿಸುವ ಜಾಗ, ಕೊನೆಯಲ್ಲಿ ಅದ್ದುವ ಒಂದು ಸಾಮಾನು, ಎರಡೂ ಮುಖ್ಯ. ಆ ಸಾಮಾನು ಯಾವುದು ಎಂದು ಲೇಖನದಲ್ಲೂ ಬರೆದಿಲ್ಲ. ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಒಂದು ತಪ್ಪು ಒಪ್ಪಿಕೊಳ್ಳಬೇಕು. ಮೊದಲ ಎರಡು ವರ್ಷ ರೈತರಿಗೆ "ಕೊಯ್ದು ಅರ್ಧ ದಿನ ಬಾಡಿಸಿ ಹಾಕಿ" ಅನ್ನುತ್ತಿದ್ದೆ. ಹಿರಿಯರು ಹೇಳುತ್ತಿದ್ದರು, ನಾನೂ ಹೇಳಿದೆ. ಒಬ್ಬ ಅಮ್ಮ ಹಾಗೇ ಬಾಡಿಸಿ ಹಾಕಿ, ಎಮ್ಮೆ ನೆಲಕ್ಕೆ ಬಿತ್ತು. ಬಾಡಿದ ಎಲೆಗೆ ಪಟ್ಟಿ ಇಟ್ಟೆ. ಹಸಿ ಎಲೆಯಷ್ಟೇ ಕೆಂಪು. ಆಮೇಲೆ ನನ್ನ ಮಾತು ಬದಲಾಯಿಸಿದೆ. ಪೂರ್ತಿ ಒಣಗಿದ ಕಣಿಕೆ ಆಗಬಹುದು, ಚೆನ್ನಾಗಿ ಕಳಿತ ಸೈಲೇಜ್ (ಗಾಳಿಯಾಡದಂತೆ ಮುಚ್ಚಿಟ್ಟು ಹುಳಿಸಿದ ಮೇವು) ಆಗಬಹುದು, ಬಾಡಿದ್ದು ಬೇಡ. ಆ ಎಮ್ಮೆ ಉಳಿಯಿತು. ಸೈನೈಡಿಗೆ ಮದ್ದಾದ ಥಯೋಸಲ್ಫೇಟ್ ಮೈತೂಕದ ಕಿಲೋಗೆ 500 ಮಿಲಿಗ್ರಾಂ ಅಂದರೆ 300 ಕಿಲೋದ ಎಮ್ಮೆಗೆ 150 ಗ್ರಾಂ, 20 ಪರ್ಸೆಂಟ್ ದ್ರಾವಣದಲ್ಲಿ 750 ಎಂಎಲ್. ಅಷ್ಟನ್ನು ನಾಳಕ್ಕೆ ಬಿಡುವ ತಾಳ್ಮೆ ಬೇಕು. ಜೊತೆಗೆ 30 ಗ್ರಾಂ ಬಾಯಿಗೆ, ಹೊಟ್ಟೆಯಲ್ಲಿ ಉಳಿದ ಮೇವು ಇನ್ನೂ ವಿಷ ಬಿಡುತ್ತಿರುತ್ತದೆ. ಮೊದಲೆಲ್ಲ ಬಾಯಿಗೆ ಕೊಡುವ ಹೈಪೊ, ಅಂದರೆ ಇದೇ ಥಯೋಸಲ್ಫೇಟ್, ಫೋಟೋ ಸ್ಟುಡಿಯೋದಲ್ಲೇ ಸಿಗುತ್ತಿತ್ತು. ಫಿಲ್ಮ್ ಹೋಯಿತು, ಹೈಪೊ ಕೂಡ ಹೋಯಿತು. ಈಗ ಮೀನಿನ ತೊಟ್ಟಿಯ ಸಾಮಾನು ಮಾರುವವರ ಹತ್ತಿರ ಸಿಗುತ್ತದೆ.

ಸೈನೈಡಿಗೆ ಕೊಡುವ ಇನ್ನೊಂದು ಮದ್ದು ಸೋಡಿಯಂ ನೈಟ್ರೈಟ್, ಅದರ ವಿಚಾರದಲ್ಲಿ ಅವಸರ ಬೇಡ. ಬರದ ಜೋಳದ ಎಲೆಯಲ್ಲಿ ಸೈನೈಡ್ ಇದ್ದರೆ ದಂಟಿನ ಬುಡದಲ್ಲಿ ನೈಟ್ರೇಟ್ ಇರಬಹುದು. ನೈಟ್ರೇಟಿನಿಂದ ರಕ್ತ ಚಾಕೊಲೇಟ್ ಬಣ್ಣಕ್ಕೆ ತಿರುಗಿದ್ದರೆ ನೈಟ್ರೈಟ್ ಕೊಟ್ಟು ದನವನ್ನು ನಾವೇ ಕೊಂದಂತೆ. ಎರಡನ್ನೂ ಒಂದೇ ಟ್ಯೂಬಿನಲ್ಲಿ ನೋಡಬೇಕೆಂದು ಎರಡು ವರ್ಷ ಕಳೆದೆ, ಆಗಲಿಲ್ಲ. ಈಗ ದಂಟು ಸೀಳಿ ಬುಡಕ್ಕೆ ಡೈಫಿನೈಲಮೀನ್ ಒಂದು ಹನಿ ಬೇರೆಯಾಗಿ ಹಾಕುತ್ತೇನೆ. ನೀಲಿ ಬಂದರೆ ನೈಟ್ರೇಟ್ ಇದೆ, ಹುಷಾರು. ಕೊಳೆತ ರೂಮೆನ್ ಮೇವಿನಲ್ಲಿ ಪಿಕ್ರೇಟ್ ಪಟ್ಟಿಯನ್ನೂ ನಂಬಬೇಡಿ, ಕೊಳೆತಾಗ ಹುಟ್ಟುವ ಸಲ್ಫೈಡ್ ಅದನ್ನು ಕೆಡಿಸುತ್ತದೆ.

ಒಂದು ಮಳೆಗಾಲ ತೀರ್ಥಹಳ್ಳಿ ಕಡೆ ನೆಂಟರ ಮನೆಗೆ ಹೋದಾಗ ಕಳಲೆಗೂ ಪಟ್ಟಿ ಇಟ್ಟೆ. ಬಿದಿರ ಮೊಳಕೆಯಲ್ಲೂ ಸೈನೈಡ್ ಕಟ್ಟಿಕೊಂಡಿರುತ್ತದೆ. ಹೆಚ್ಚಿದ ದಿನ ಕೆಂಪು. ದಿನಾ ನೀರು ಬದಲಿಸಿದ್ದು ಮೂರನೇ ದಿನಕ್ಕೆ ಹಳದಿ. ನೀರು ಬದಲಿಸದ ಪಾತ್ರೆಯದು ಇನ್ನೂ ಕಿತ್ತಳೆ. ಅತ್ತೆಗೆ ತೋರಿಸಿದೆ. "ನಮಗೆ ಮೊದಲೇ ಗೊತ್ತಿತ್ತಲ್ಲ ಮಾರಾಯ" ಅಂದರು. ಇದನ್ನು ಎಲ್ಲೂ ಪ್ರಕಟಿಸಲಿಲ್ಲ, ಆದರೆ ಆ ಮೂರು ಪಟ್ಟಿ ಇನ್ನೂ ನನ್ನ ಡೈರಿಯಲ್ಲಿವೆ.

ಲೇಖನದ ಕಥೆಗೆ ಬರುತ್ತೇನೆ. ಮೂರು ಪತ್ರಿಕೆ ತಿರಸ್ಕರಿಸಿದವು. "ಹೊಸತನವಿಲ್ಲ" ಎಂಬುದೇ ಎಲ್ಲರ ಮಾತು. ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಹೊವರ್ಡ್ ಬ್ರಾಡ್ಬರಿ ಮರಗೆಣಸಿಗೆ ಇದೇ ಪಿಕ್ರೇಟ್ ಕಾಗದದ ಕಿಟ್ ಮಾಡಿ ಆಫ್ರಿಕಾಕ್ಕೆ ಕಳಿಸಿದ್ದರು. ಅದನ್ನು ನೋಡಿ ನನಗೆ ಧೈರ್ಯ ಬಂದಿತ್ತು. ಹಳೆಯ ರಸಾಯನ ಶಾಸ್ತ್ರವೇ ಇರಲಿ, ಹೊಲಕ್ಕೆ ಒಗ್ಗಿಸುವುದು ಸಂಶೋಧನೆಯೇ. ನಾಲ್ಕನೇ ಪತ್ರಿಕೆ 2015ರಲ್ಲಿ ಕಿರು ಲೇಖನವಾಗಿ ಹಾಕಿತು. ಮೂರು ವರ್ಷ ಯಾರೂ ಕಣ್ಣೆತ್ತಿ ನೋಡಲಿಲ್ಲ. ಆಮೇಲೆ ನಿಧಾನವಾಗಿ ಉಲ್ಲೇಖ ಬಂದವು. ಈಗ ನೂರರ ಹತ್ತಿರ ಇರಬೇಕು. 6 ಲಕ್ಷ ಖರ್ಚು ಮಾಡಿ ಬರೆದ ನನ್ನ ಎಚ್‌ಪಿಎಲ್‌ಸಿ ಲೇಖನಕ್ಕೆ ಐದಾರು. ಬಡ್ತಿಯ ಅಂಕಪಟ್ಟಿಯಲ್ಲಿ ಎರಡಕ್ಕೂ ಒಂದೇ ಅಂಕ. ಕನ್ನಡದಲ್ಲಿ ಮಾಡಿದ ಒಂದು ಹಾಳೆಯ ಕೈಪಿಡಿಗೆ ಸೊನ್ನೆ. ಆದರೆ ಡಾಕ್ಟರ ಜೀಪಿನಲ್ಲಿ, ಡೇರಿ ಗೋಡೆಯ ಮೇಲೆ ನಾನು ನೋಡಿದ್ದು ಆ ಹಾಳೆಯನ್ನೇ.

ಪ್ರಭಾವ ಅಂದರೆ ನನಗೆ ನೆನಪಾಗುವುದು ರಣಹದ್ದಿನ ಕೆಲಸ. 2004ರಲ್ಲಿ ಲಿಂಡ್ಸೆ ಓಕ್ಸ್ ಮತ್ತು ಜೊತೆಗಾರರು ಪಾಕಿಸ್ತಾನದಲ್ಲಿ ಸತ್ತ ದನ ತಿಂದ ರಣಹದ್ದುಗಳ ಮೂತ್ರಪಿಂಡ ಕೆಡಿಸಿದ್ದು ದನಕ್ಕೆ ಕೊಡುತ್ತಿದ್ದ ನೋವಿನ ಔಷಧಿ ಡೈಕ್ಲೊಫೆನಾಕ್ ಎಂದು ತೋರಿಸಿದರು. 2006ರಲ್ಲಿ ನಮ್ಮ ದೇಶ ದನಕ್ಕೆ ಆ ಔಷಧಿ ನಿಲ್ಲಿಸಿತು. ಎರಡೇ ವರ್ಷ. ನಮ್ಮ ವಿಷಶಾಸ್ತ್ರಕ್ಕೆ ಅಷ್ಟು ಶಕ್ತಿ ಇದೆ. ನನ್ನದು ಸಣ್ಣ ಕೆಲಸ, ನನ್ನ ನೋಟ್‌ಬುಕ್ಕಿನ ಲೆಕ್ಕ ಅಷ್ಟೇ. ನಾವು ಓಡಾಡುವ ಇಪ್ಪತ್ತು ಹಳ್ಳಿಯಲ್ಲಿ ಮೊದಲು ಒಂದು ಮುಂಗಾರಿಗೆ 25-30 ದನ ಹೋಗುತ್ತಿದ್ದವು. ಹೋದ ಮೂರು ವರ್ಷ ಎರಡೋ ಮೂರೋ. ಪಟ್ಟಿಗೆ ಒಂದೂವರೆ ರೂಪಾಯಿ ಬೀಳುತ್ತದೆ. ಒಂದು ಒಳ್ಳೆಯ ಎಮ್ಮೆಯ ಬೆಲೆ ನಿಮಗೇ ಗೊತ್ತು.

ಡೋಣಿ ದಂಡೆಯ ಆ ಹಳ್ಳಿಗೂ ಹೋಗಿದ್ದೆ. ಎರಡೂ ಮನೆಯವರನ್ನು ಕರೆದು ಬದುವಿನ ಮೇಲೆ ಕೂರಿಸಿ, ಹಳೆಯ ಯಜಮಾನರ ಕಂಕುಳಲ್ಲೇ ಟ್ಯೂಬ್ ಇಟ್ಟೆ. 10 ನಿಮಿಷ ಯಾರೂ ಮಾತಾಡಲಿಲ್ಲ. ಹೊರಗೆ ತೆಗೆದಾಗ ಪಟ್ಟಿ ಇಟ್ಟಿಗೆ ಕೆಂಪಾಗಿತ್ತು. ಅವರು ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಬಾಜೂ ಹೊಲದವರ ಕೈಗೆ ಕೊಟ್ಟರು.

ಇಥಿಯೋಪಿಯಾದ ಹುಡುಗನಿಗೆ ಮೊನ್ನೆ ಉತ್ತರ ಬರೆದೆ. ಕೊನೆಯಲ್ಲಿ ಅದ್ದುವ ಸಾಮಾನು ಯಾವುದೆಂದು ಅವನಿಗೆ ಹೇಳಿದ್ದೇನೆ. ಮೇ ತಿಂಗಳೊಳಗೆ 2,000 ಪಟ್ಟಿ ಮಾಡಬೇಕು, ಕಾಗದ ಕತ್ತರಿಸುವ ಕೆಲಸ ನಿನ್ನೆಯಿಂದ ಶುರುವಾಗಿದೆ.