ಕೆಂಪು ಬೆಳಕಿಗೆ ಜಗ್ಗದ ಸ್ಟಿಕ್ಕರ್

ಮಂಡ್ಯದಲ್ಲಿ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುತ್ತೇನೆ. ಫೋಟಾನ್ ಅಂದರೆ ಬೆಳಕಿನ ಪುಟ್ಟ ಗೋಲಿ ಅಂತ ಹೇಳಿ ಎಷ್ಟೋ ವರ್ಷ ಪಾಠ ಮುಗಿಸಿದ್ದೆ. ಒಂದು ದಿನ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. 'ಸಾರ್, ಹೋದ ತಿಂಗಳು ಬೆಳಕು ಅಲೆ ಅಂದ್ರಿ, ಈಗ ಗೋಲಿ ಅಂತೀರ. ಪರೀಕ್ಷೇಲಿ ಯಾವ್ದು ಬರೀಲಿ?'

ಪುಸ್ತಕದ ಮಾತು ಹೇಳಿ ಕೂರಿಸಬಹುದಿತ್ತು. ಮನಸ್ಸು ಒಪ್ಪಲಿಲ್ಲ.

ಮಕ್ಕಳ ಕೋಣೆಗೆ ಅಂಟಿಸುವ, ಕತ್ತಲಲ್ಲಿ ಹಸಿರಾಗಿ ಹೊಳೆಯುವ ನಕ್ಷತ್ರದ ಸ್ಟಿಕ್ಕರ್ ಇದೆಯಲ್ಲ, ಅದನ್ನು ತಂದೆ. ಟಾರ್ಚಿಗೆ ಕೆಂಪು ಜಿಲೆಟಿನ್ ಹಾಳೆ ಸುತ್ತಿ ಬೆಳಕು ಬಿಟ್ಟೆ. ಹೊಳೆಯಬಾರದಿತ್ತು, ಹೊಳೆಯಿತು! ಕ್ಲಾಸೆಲ್ಲಾ ನಗು. ತಪ್ಪು ಎರಡು ಕಡೆ ಇತ್ತು. ಟ್ಯೂಬ್‌ಲೈಟಿನ ಬೆಳಕನ್ನು ಸ್ಟಿಕ್ಕರ್ ಮೊದಲೇ ಕುಡಿದಿತ್ತು. ಜಿಲೆಟಿನ್ ಹಾಳೆಯೂ ಒಂಚೂರು ನೀಲಿ ಸೋರಿಸುತ್ತದೆ. ಮುಂದಿನ ಸಲ ಸ್ಟಿಕ್ಕರನ್ನು ರಾತ್ರಿಯೆಲ್ಲಾ ಬಿಸ್ಕತ್ತಿನ ಡಬ್ಬಿಯಲ್ಲಿ ಮುಚ್ಚಿಟ್ಟೆ. ಟಾರ್ಚ್ ಬಿಟ್ಟು ಬರೀ ಕೆಂಪು ಎಲ್‌ಇಡಿ ಹಿಡಿದೆ.

ಒಂದು ಎಲ್‌ಇಡಿ ಹಿಡಿದರೂ ಏನಿಲ್ಲ, ಹತ್ತು ಹಿಡಿದರೂ ಏನಿಲ್ಲ. ಐದು ನಿಮಿಷ ಕಾದರೂ ಕಪ್ಪಗೇ ಇತ್ತು. ಆಮೇಲೆ ಒಂದೇ ಒಂದು ನೀಲಿ ಎಲ್‌ಇಡಿಯನ್ನು ಮಂಕಾಗಿ ಉರಿಸಿ ಒಂದೆರಡು ಸೆಕೆಂಡು ತೋರಿಸಿದೆ. ಬೆಳಕು ಬಿದ್ದ ಜಾಗ ಹಸಿರಾಯಿತು.

ಅಲೆಯ ಲೆಕ್ಕದಲ್ಲಿ ಇದು ಕೂಡುವುದಿಲ್ಲ. ಕೆಆರ್‌ಎಸ್ ಹಿನ್ನೀರಿನ ಸಣ್ಣ ಅಲೆಯೂ ದಿನಾ ಬಡಿದು ಬಡಿದು ದಡದ ಮಣ್ಣು ಕರಗಿಸುತ್ತದೆ ಅಲ್ವಾ? ಹಾಗೇ ಕೆಂಪು ಬೆಳಕನ್ನು ಜಾಸ್ತಿ ಮಾಡಿದರೆ, ಜಾಸ್ತಿ ಹೊತ್ತು ಬಿಟ್ಟರೆ ಹೊಳೆಯಬೇಕಿತ್ತು. 1905ರಲ್ಲಿ ಐನ್‌ಸ್ಟೈನ್ ಹೇಳಿದ್ದು ಇದನ್ನೇ: ಬೆಳಕಿನ ಶಕ್ತಿ ಗಂಟುಗಂಟಾಗಿಯೇ ಕೈ ಬದಲಾಯಿಸುತ್ತದೆ, ಗಂಟಿನ ಗಾತ್ರವನ್ನು ಬಣ್ಣ ತೀರ್ಮಾನಿಸುತ್ತದೆ. ಫೋಟಾನ್ ಅಂದರೆ ಅಂಥ ಒಂದು ಗಂಟು. ಅಲೆಯ ಉದ್ದ 650 ನ್ಯಾನೋಮೀಟರ್ ಇರುವ ಕೆಂಪಿನ ಒಂದು ಫೋಟಾನ್ ಸುಮಾರು 1.9 ಎಲೆಕ್ಟ್ರಾನ್ ವೋಲ್ಟ್ (ಶಕ್ತಿ ಅಳೆಯುವ ಪುಟ್ಟ ಅಳತೆ). 450ರ ನೀಲಿ ಸುಮಾರು 2.75. ಕೆಂಪು ಬೆಳಕು ಜಾಸ್ತಿ ಮಾಡಿದರೆ ಗಂಟುಗಳ ಎಣಿಕೆ ಏರುತ್ತದೆ, ಒಂದೊಂದು ಗಂಟು ದಪ್ಪ ಆಗಲ್ಲ. ಸ್ಟಿಕ್ಕರ್ ಹೊಳೆಯೋಕೆ ಒಂದೇ ಗಂಟು ಸಾಕಷ್ಟು ದಪ್ಪ ಇರಬೇಕು.

ನಮ್ಮ ಕಡೆಯವರಿಗೆ ಆಲೆಮನೆ ಉದಾಹರಣೆ ಸಲೀಸು. ಕಬ್ಬಿನ ಹಾಲು ಹರಿಯುತ್ತದೆ, ಬೆಲ್ಲ ಮಾತ್ರ ಅಚ್ಚಿನ ಲೆಕ್ಕದಲ್ಲೇ ಕೈಗೆ ಬರುತ್ತದೆ. (ಇದನ್ನೂ ಬಹಳ ಎಳೆಯಬಾರದು. ಅಚ್ಚು ಬೆಲ್ಲ ಗಾಡಿಯಲ್ಲಿ ಹೋಗುವಾಗಲೂ ಅಚ್ಚೇ. ಫೋಟಾನ್ ಹಾಗಲ್ಲ.)

'ಎರಡು ಕೆಂಪು ಸೇರ್ಕೊಂಡು ಒಂದು ಏಟು ಕೊಡಲ್ವಾ ಸಾರ್?' ಅಂತ ಇನ್ನೊಬ್ಬ ಕೇಳಿದ. ಒಳ್ಳೇ ಪ್ರಶ್ನೆ. ಎರಡೂ ಒಂದೇ ಕಡೆ, ಹೆಚ್ಚುಕಮ್ಮಿ ಒಂದೇ ಗಳಿಗೆಗೆ ಬರಬೇಕು. ಬಹಳ ತೀವ್ರವಾದ ಲೇಸರಿನಲ್ಲಿ ಆಗುತ್ತದೆ, ಎಲ್‌ಇಡಿಯಲ್ಲಿ ನೋಡೋಕೆ ಸಿಗಲ್ಲ.

ಹಾಗಂತ ಗೋಲಿ ಗೆಲ್ಲಲಿಲ್ಲ. ಕೆಂಪು ಲೇಸರ್ ಪಾಯಿಂಟರಿಗೆ ಒಂದು ತಲೆಗೂದಲು ಅಡ್ಡ ಹಿಡಿದು ಮೂರು ಮೀಟರ್ ದೂರದ ಗೋಡೆಗೆ ಬಿಟ್ಟೆ. ಸಾಲಾಗಿ ಬೆಳಕು, ಕತ್ತಲು, ಬೆಳಕು. ಕತ್ತಲಿಂದ ಕತ್ತಲಿಗೆ ಮೂರು ಸೆಂಟಿಮೀಟರ್ ಹತ್ತಿರ ಹತ್ತಿರ. ಗೋಲಿ ಎಸೆದರೆ ಇಂಥ ಪಟ್ಟೆ ಬರಲ್ಲ.

ಒಂದು ಮಿಲಿವ್ಯಾಟ್ ಕೆಂಪು ಲೇಸರ್ ಸೆಕೆಂಡಿಗೆ ಸುಮಾರು 3 ಸಾವಿರ ಲಕ್ಷ ಕೋಟಿ ಫೋಟಾನ್ ಬಿಡುತ್ತದೆ. ಅಷ್ಟು ಜನ ನುಗ್ಗಿದಾಗ ಒಬ್ಬರಿಗೊಬ್ಬರು ತಳ್ಳಾಡಿ ಪಟ್ಟೆ ಆಯ್ತೇನೋ ಅನ್ನಿಸಬಹುದು. ಆದರೆ 1909ರಲ್ಲಿ ಜಿ.ಐ. ಟೇಲರ್ ಅನ್ನೋ ಇಂಗ್ಲೆಂಡಿನ ವಿಜ್ಞಾನಿ ಸೂಜಿಯ ನೆರಳನ್ನು, ಫೋಟಾನ್‌ಗಳು ಹೆಚ್ಚುಕಮ್ಮಿ ಒಂದೊಂದೇ ಹೋಗುವಷ್ಟು ಮಂಕು ಬೆಳಕಿನಲ್ಲಿ ಫೋಟೋ ಪ್ಲೇಟಿನ ಮೇಲೆ ಹಿಡಿದರು. ಒಂದು ಪ್ಲೇಟನ್ನಂತೂ ಮೂರು ತಿಂಗಳು ಹಾಗೇ ಬಿಟ್ಟಿದ್ದರು. ಆದರೂ ನೆರಳಿನ ಪಟ್ಟೆ ಒಂಚೂರೂ ಮಾಸಿರಲಿಲ್ಲ.

ಆ ಹುಡುಗಿ ಬಿಡಲಿಲ್ಲ. 'ಒಂದೊಂದೇ ಹೋದ್ರೆ, ಎಲ್ಲಿ ಬೀಳ್ಬೇಕು ಅಂತ ಅದಕ್ಕೆ ಯಾರ್ ಹೇಳ್ತಾರೆ ಸಾರ್?'

ಯಾರೂ ಹೇಳಲ್ಲ ಕಣಮ್ಮ, ಅಂದೆ. ಒಂದು ಫೋಟಾನ್ ಎಲ್ಲಿ ಬೀಳುತ್ತದೆ ಅಂತ ಮೊದಲೇ ಹೇಳೋಕಾಗಲ್ಲ. ಎಲ್ಲಿ ಬೀಳೋ ಸಾಧ್ಯತೆ ಜಾಸ್ತಿ, ಎಲ್ಲಿ ಬೀಳೋದೇ ಇಲ್ಲ ಅನ್ನೋದನ್ನು ಮಾತ್ರ ಅಲೆಯ ಲೆಕ್ಕ ಹೇಳುತ್ತದೆ. ಬಿದ್ದ ಜಾಗದಲ್ಲಿ ಇಡೀ ಗಂಟು ಸಿಗುತ್ತದೆ, ಅರ್ಧ ಕಾಲು ಅಂತ ಇಲ್ಲ. ಪರೀಕ್ಷೇಲಿ ಎರಡನ್ನೂ ಬರಿ.