ತಂದ ದಿನವೇ ಸ್ನಾನ ಮಾಡಿಸಬೇಡಿ

ವಯಸ್ಸಾದ ನಾಯಿಯನ್ನು ಮನೆಗೆ ತಂದ ದಿನವೇ ಶಾಂಪೂ ಹಚ್ಚಿ ತೊಳೆಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಸ್ನಾನ ಆಯಿತು, ಹೊಸ ಬೆಲ್ಟ್ ಆಯಿತು, ಹೊಸ ಹೆಸರು ಆಯಿತು, ಹೊಸ ಊಟ ಆಯಿತು. ಸಂಜೆ ಬಿಲ್ಡಿಂಗಿನ ಮಕ್ಕಳನ್ನೆಲ್ಲ ಕರೆದು ಮೈ ಸವರಿಸಿದ್ದೂ ಆಯಿತು. ವಾರ ಕಳೆಯುವುದರೊಳಗೆ ನನಗೆ ಫೋನ್. "ಆಂಟಿ, ಇದು ನಮ್ಮ ಜೊತೆ ಅಡ್ಜಸ್ಟ್ ಆಗ್ತಾ ಇಲ್ಲ. ಬೇರೆ ಯಾರಾದ್ರೂ ತಗೋತಾರಾ ನೋಡಿ." ಅಡ್ಜಸ್ಟ್ ಆಗೋಕೆ ನೀವು ಅದಕ್ಕೆ ಏನು ಉಳಿಸಿದಿರಿ? ಗುರುತಿನದು ಅಂತ ಒಂದನ್ನೂ ಬಿಡಲಿಲ್ಲವಲ್ಲ.

ಪುಣೆಯಲ್ಲಿ ಈಗ ಇಂಥ ನಾಯಿಗಳು ಜಾಸ್ತಿ. ಹಿಂಜವಡಿ, ವಾಕಡ್ ಕಡೆಯ ಐಟಿ ಹುಡುಗರು ಪ್ರೀತಿಯಿಂದಲೇ ಸಾಕುತ್ತಾರೆ. ವೀಸಾ ಬರುತ್ತದೆ, ಅವರು ಹೋಗುತ್ತಾರೆ, ನಾಯಿ ಇಲ್ಲೇ ಉಳಿಯುತ್ತದೆ. ಪೇಠೆಗಳ, ಅಂದರೆ ಹಳೆ ಊರಿನ ಕೇರಿಗಳ, ವಾಡೆ ಅನ್ನುವ ಹಳೆ ದೊಡ್ಡ ಮನೆಗಳಲ್ಲಿ ಅಜ್ಜ ತೀರಿಕೊಳ್ಳುತ್ತಾರೆ, ವಾಡೆ ಬಿಲ್ಡರನಿಗೆ ಹೋಗುತ್ತದೆ, ನಾಯಿಗೆ ಜಾಗವಿಲ್ಲ. ನಮ್ಮ ಮೋತಿ ಬಂದದ್ದು ಹೀಗೇ, ಸದಾಶಿವ ಪೇಠೆಯಿಂದ ಕೋಥ್ರೂಡಿನ ನಮ್ಮ ಮನೆಗೆ. ಅಜ್ಜನ ನಾದಿನಿ ತಂದುಬಿಟ್ಟರು. ಇಂಥ ನಾಯಿಯನ್ನು ಮನೆಗೆ ಕರೆಯುವವರ ಮನಸ್ಸು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನಸ್ಸು ದೊಡ್ಡದಿದ್ದರೆ ಸಾಲದು, ಸ್ವಲ್ಪ ತಾಳ್ಮೆಯೂ ಬೇಕು.

ಮೊದಲು ಕೇಳುವುದನ್ನು ಕಲಿಯಿರಿ. ಹಳೆ ಮನೆಗೆ ಹೋದಾಗ ನಾಯಿ, ಬಟ್ಟಲು ಎತ್ತಿಕೊಂಡು ಓಡಿ ಬರಬೇಡಿ. ಕೂತು ಚಹಾ ಕುಡಿಯಿರಿ, ಕೈಯಲ್ಲಿ ಒಂದು ನೋಟ್‌ಬುಕ್ ಇರಲಿ. ಎಷ್ಟು ಹೊತ್ತಿಗೆ ಊಟ, ಯಾವ ಬಟ್ಟಲಿನಲ್ಲಿ, ಯಾರ ಕೈಯಿಂದ? ರಾತ್ರಿ ಎಲ್ಲಿ ಮಲಗುತ್ತದೆ? ಊಟ ಮಾಡುವಾಗ ಹತ್ತಿರ ಹೋದರೆ ಗುರ್ ಅನ್ನುತ್ತದಾ? ಯಾರನ್ನಾದರೂ ಕಚ್ಚಿದ್ದಿದೆಯಾ? ಈ ಕೊನೆಯ ಪ್ರಶ್ನೆ ಕೇಳಲು ನಾಚಿಕೆ ಬೇಡ. ಲಸಿಕೆಯ ಪುಸ್ತಕ, ಮಹಾನಗರ ಪಾಲಿಕೆಯ ಲೈಸೆನ್ಸ್, ಹಿಂದೆ ಉಣ್ಣಿ ಕಚ್ಚಿ ಬರುವ ಜ್ವರ ಬಂದಿತ್ತಾ, ಆಪರೇಷನ್ ಆಗಿದೆಯಾ, ಎಲ್ಲ ಬರೆದುಕೊಳ್ಳಿ. ಮತ್ತೆ, ಮನೆಯ ಯಜಮಾನರನ್ನು ಮಾತ್ರ ಕೇಳಿ ಎದ್ದು ಬರಬೇಡಿ. ಎಷ್ಟೋ ಮನೆಗಳಲ್ಲಿ ನಾಯಿಗೆ ನಿಜವಾಗಿ ಊಟ ಹಾಕಿದವರು, ಹೊರಗೆ ಕರೆದುಕೊಂಡು ಹೋದವರು ಮನೆಗೆಲಸದಾಕೆ. ಮೋತಿಗೆ ಛತ್ರಿ ಬಿಚ್ಚುವ ಸದ್ದು ಕಂಡರೆ ಭಯ ಅಂತ ನನಗೆ ಹೇಳಿದ್ದು ಆಕೆಯೇ. ಮನೆಯವರಿಗೆ ಅದು ಗೊತ್ತೇ ಇರಲಿಲ್ಲ.

ಹೆಸರು ಬದಲಿಸಬೇಡಿ. ಮರಾಠಿ ಮನೆಯ ನಾಯಿಯಾದರೆ ಮೊದಮೊದಲು ಮರಾಠಿಯಲ್ಲೇ ಕರೆಯಿರಿ, ಕೂತ್ಕೋ ಅನ್ನಲು "ಬಸ್", ಇಲ್ಲಿ ಬಾ ಅನ್ನಲು "ಇಕಡೆ ಯೇ" ಅಂದರೆ ಪಾಪ, ಅದಕ್ಕೂ ಸುಲಭ. ಕನ್ನಡ ತಾನಾಗೇ ಕಲಿಯುತ್ತದೆ.

ಈಗ ನಾನು ಯಾರೇ ಕೇಳಲಿ, ಕೇಳದೇ ಇರಲಿ, ಹೇಳದೆ ಬಿಡದ ಮಾತಿಗೆ ಬರುತ್ತೇನೆ. ಕೌದಿ, ಅಂದರೆ ಹಳೆ ಬಟ್ಟೆಗಳನ್ನು ಪದರ ಪದರವಾಗಿ ಜೋಡಿಸಿ ಕೈಯಿಂದ ಹೊಲಿದ ಹಾಸು. ಹಳೆ ಯಜಮಾನರು ಉಟ್ಟು ಬಿಟ್ಟ, ಒಗೆಯದ ಒಂದು ಹತ್ತಿ ಬಟ್ಟೆ ಕೇಳಿ ತನ್ನಿ. ಧೋತರ, ಲುಂಗಿ, ಹಾಸಿಗೆಯ ಮೇಲಿನ ಚಾದರ, ಯಾವುದಾದರೂ ಸರಿ. ಅವರು ಮುಜುಗರಪಟ್ಟು "ಒಗೆದು ಕೊಡ್ತೀವಿ" ಅನ್ನುತ್ತಾರೆ. ಬೇಡವೇ ಬೇಡ ಅನ್ನಿ.

ಇದು ನಾನು ಕಲಿತದ್ದು ಅಪ್ಪನಿಂದ. ನಮ್ಮದು ಮುಧೋಳದ ಕಡೆಯ ಹಳ್ಳಿ. ಅಲ್ಲಿಯ ಬೇಟೆನಾಯಿ ಎಲ್ಲರಿಗೂ ಗೊತ್ತು, 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂತು. ಕುರಿ ಮಾರಿ ಮಗನ ಊರಿಗೆ ಹೊರಟ ಒಬ್ಬ ಕುರುಬಜ್ಜ ತನ್ನ ಮುದಿ ನಾಯಿಯನ್ನು ಅಪ್ಪನಿಗೆ ಒಪ್ಪಿಸಿದ. ಅಪ್ಪ ಹಗ್ಗ ಹಿಡಿಯುವ ಮೊದಲು ಅವನ ಕಂಬಳಿಯ ಒಂದು ತುಂಡು ಕೇಳಿದರು. ಅಜ್ಜ ಮರುಮಾತಿಲ್ಲದೆ ಹರಿದು ಕೊಟ್ಟ. ಆ ನಾಯಿ ನಮ್ಮ ಹಟ್ಟಿಯಲ್ಲಿ ಆ ತುಂಡಿನ ಮೇಲೆಯೇ ಮಲಗುತ್ತಿತ್ತು. ಅವ್ವ ಗುಡಿಸುವಾಗ ಅದನ್ನು ಸರಿಸಲೂ ಅಪ್ಪ ಬಿಡುತ್ತಿರಲಿಲ್ಲ.

ನಾಯಿಗೆ ಮೂಗೇ ಕಣ್ಣು, ಮೂಗೇ ನೆನಪು. ವಯಸ್ಸಾದಂತೆ ಕಣ್ಣು ಮಂಜಾಗುತ್ತದೆ, ಕಿವಿ ಮಂದವಾಗುತ್ತದೆ, ಮೂಗು ಮಾತ್ರ ಬಹಳ ಕಾಲ ಕೆಲಸ ಮಾಡುತ್ತದೆ. ಹಳೆ ವಾಸನೆ, ಹೊಸ ವಾಸನೆ ಎರಡೂ ಒಂದೇ ಹಾಸಿಗೆಯಲ್ಲಿ ಸಿಗಬೇಕು. ಅದಕ್ಕೇ ಕೌದಿ.

ತಂದ ಬಟ್ಟೆಯನ್ನು ಮುಚ್ಚಳ ಬಿಗಿಯಾಗಿರುವ ಸ್ಟೀಲ್ ಡಬ್ಬಿಯಲ್ಲಿಡಿ. ಕಪಾಟಿನಲ್ಲಿ ಇಡಬೇಡಿ, ಅಲ್ಲಿ ಡಾಂಬರ್ ಗುಳಿಗೆಯ ವಾಸನೆ ಹತ್ತುತ್ತದೆ. ಆ ಗುಳಿಗೆ ನಾಯಿಯ ಹೊಟ್ಟೆಗೆ ಹೋದರೆ ವಿಷ, ಅದನ್ನು ಮನೆಯಿಂದಲೇ ತೆಗೆಯಿರಿ. ಬಟ್ಟೆಯನ್ನು ಎರಡು ತುಂಡು ಮಾಡಿ. ಒಂದು ಕೌದಿಗೆ, ಇನ್ನೊಂದು ಡಬ್ಬಿಯಲ್ಲೇ ಇರಲಿ. ಯಾಕೆ ಅಂತ ಮುಂದೆ ಹೇಳುತ್ತೇನೆ. ಇನ್ನು ನಿಮ್ಮ ಒಂದು ಹತ್ತಿ ಸೀರೆಯೋ ನೈಟಿಯೋ ಬೇಕು, ಒಂದೆರಡು ದಿನ ಮೈಮೇಲಿದ್ದದ್ದು. ಒಗೆದ ಬಟ್ಟೆಗೆ ಸೋಪಿನ ವಾಸನೆ, ಅದು ನಿಮ್ಮ ವಾಸನೆ ಹೇಗಾದೀತು? ನಾಯಿಗೆ ಊಟ ಹಾಕುವವರ ಬಟ್ಟೆಯೇ ಆಗಬೇಕು. ಜರಿ ಬೇಡ, ಗುಂಡಿ ಬೇಡ, ಹುಕ್ಕು ಬೇಡ, ನೈಲಾನ್ ಅಂತೂ ಬೇಡವೇ ಬೇಡ.

ನಾಯಿ ಕಾಲು ಚಾಚಿ ಮಗ್ಗುಲಾಗಿ ಮಲಗಿದರೆ ಎಷ್ಟು ಜಾಗ ಬೇಕೋ ಅಷ್ಟು, ಸುತ್ತ ಒಂದೊಂದು ಗೇಣು ಜಾಸ್ತಿ. ಕೆಳಗೆ ಗಟ್ಟಿ ಚಾದರ. ನಡುವೆ ಹಳೆ ಸೀರೆಗಳ ಮಡಿಕೆ. ಎಷ್ಟು ಮಡಿಕೆ ಅಂತ ಕೇಳಬೇಡಿ, ಮುಷ್ಟಿ ಊರಿದರೆ ನೆಲ ತಾಗಬಾರದು, ಅಷ್ಟೇ. ಮುದಿ ನಾಯಿಯ ಮೊಣಕೈ ನೆಲಕ್ಕೆ ಒತ್ತಿ ಒತ್ತಿ ಜಡ್ಡುಗಟ್ಟುತ್ತದೆ, ನೋಡಿದ್ದೀರಲ್ಲ. ಮೇಲಿನ ಪದರಕ್ಕೆ ಬನ್ನಿ. ಎಡಕ್ಕೆ ಹಳೆ ಯಜಮಾನರ ಬಟ್ಟೆ, ಬಲಕ್ಕೆ ನಿಮ್ಮದು, ನಡುವೆ ಎರಡನ್ನೂ ಕೂಡಿಸುವ ಒಂದು ಜೋಡು. ದಪ್ಪ ಹತ್ತಿ ದಾರದಿಂದ ಅಂಚಿನಿಂದ ಒಳಗೆ ಸುತ್ತುತ್ತ ಹೊಲಿಯಿರಿ. ಹೊಲಿಗೆ ಚಿಕ್ಕದಿರಲಿ, ಉದ್ದ ಹೊಲಿಗೆಗೆ ಉಗುರು ಸಿಕ್ಕುತ್ತದೆ. ಗಂಟುಗಳೆಲ್ಲ ಒಳಪದರಕ್ಕೆ ಹೋಗಬೇಕು. ನಾಯಿ ಗಂಟು ಕಚ್ಚಿ ಎಳೆದರೆ ದಾರ ಹೊಟ್ಟೆಗೆ ಹೋಗುತ್ತದೆ. ಮುಗಿದ ಮೇಲೆ ಅಂಗೈಯಿಂದ ಇಡೀ ಕೌದಿ ಸವರಿ, ಸೂಜಿ ಉಳಿದಿದೆಯಾ ನೋಡಿ. ಹಳೆ ಮನೆಯಲ್ಲಿ ಬಟ್ಟೆ ತಿನ್ನುವ ಚಾಳಿ ಇತ್ತು ಅಂತ ಗೊತ್ತಾದರೆ ಹೊಲಿಯಲೇಬೇಡಿ, ಎರಡು ದೊಡ್ಡ ಬಟ್ಟೆ ಮಡಿಸಿ ಹಾಸಿ. ಹೊಲಿಯಲು ಬರುವುದಿಲ್ಲ ಅಂತೀರಾ? ಕೌದಿ ಹೊಲಿಯುವ ಅಜ್ಜಿಯರು ನಮ್ಮ ಮಂದಿಯಲ್ಲಿ ಇನ್ನೂ ಇದ್ದಾರೆ, ಕೇಳಿ. ಆನ್‌ಲೈನಿನ ಮೆತ್ತನೆಯ ಹಾಸಿಗೆಯಲ್ಲಿ ನಾಯಿ ಹೂತು ಹೋಗುತ್ತದೆ, ಕಾಲು ನೋಯುವ ನಾಯಿಗೆ ಅದರಿಂದ ಏಳಲು ಬರುವುದಿಲ್ಲ.

ನಾಯಿ ಬರುವ ಮೊದಲೇ ಕೌದಿ ಹಾಸಿಡಿ. ಬಾಗಿಲು ಕಾಣುವ ಮೂಲೆಯಲ್ಲಿ, ಆದರೆ ಓಡಾಡುವ ದಾರಿಯಲ್ಲಲ್ಲ. ಬಾಲ್ಕನಿಯಲ್ಲಿ ಬೇಡ. ಎಳೆದುಕೊಂಡು ಹೋಗಿ ಮಲಗಿಸಬೇಡಿ, ಅದೇ ಹುಡುಕಿಕೊಳ್ಳಲಿ. ಮೊದಮೊದಲು ಎಡಗಡೆಯೇ ಮಲಗುತ್ತದೆ. ಬೇಜಾರು ಮಾಡಿಕೊಳ್ಳಬೇಡಿ. ದಿನ ಹೋದಂತೆ ನಡುವಿನ ಜೋಡಿನ ಮೇಲೆ ಬರುತ್ತದೆ. ಮೋತಿಯ ಗದ್ದ ನನ್ನ ಸೀರೆಯ ಕಡೆ ಬಂದ ದಿನ ನಾನು ಒಲೆಯ ಮೇಲಿನ ಹಾಲು ಮರೆತೆ. ಮೊದಲ ತಿಂಗಳು ಕೌದಿ ಒಗೆಯಬೇಡಿ, ಬಿಸಿಲಿಗೂ ಹಾಕಬೇಡಿ, ನೆರಳಿನಲ್ಲಿ ಕೊಡವಿದರೆ ಸಾಕು. ಉಚ್ಚೆ ಹೊಯ್ದರೆ ಒಗೆಯಲೇಬೇಕು. ಆಗ ಡಬ್ಬಿಯಲ್ಲಿಟ್ಟ ಇನ್ನೊಂದು ತುಂಡು ಮೇಲೆ ಹಾಸಿ. ಅದಕ್ಕೇ ಉಳಿಸಿ ಅಂದದ್ದು.

ಒಗೆಯುವ ಮಾತು ಬಂತು, ಹೇಳಿಬಿಡುತ್ತೇನೆ. ಕೌದಿಯನ್ನು ವಾಷಿಂಗ್ ಮಷಿನ್‌ಗೆ ತುರುಕುವವರು ಕೈ ಎತ್ತಿ! ಒಳಪದರ ಮುದ್ದೆಯಾಗಿ, ಹೊಲಿಗೆ ಬಿಟ್ಟು, ಮಷಿನ್ನೂ ಹಾಳು. ಬಾತ್‌ರೂಮಿನಲ್ಲಿ ನೆನೆಹಾಕಿ, ಕಾಲಿನಿಂದ ತುಳಿಯಿರಿ, ಹಿಂಡಬೇಡಿ. ನೀರು ಇಳಿದ ಮೇಲೆ ಎರಡು ಹಗ್ಗದ ಮೇಲೆ ಅಗಲವಾಗಿ ಹರವಿ. ಮನುಷ್ಯರ ಕೌದಿಗೂ ಇದೇ.

ನಾಯಿ ಬಂದ ಮೊದಲ ಎರಡು ಮೂರು ದಿನ ಅದರ ಪಾಡಿಗೆ ಬಿಡಿ. ಡೈನಿಂಗ್ ಟೇಬಲ್ಲಿನ ಕೆಳಗೆ ಕೂತರೆ ಕೂರಲಿ. ಬಗ್ಗಿ ನೋಡಬೇಡಿ, ತಲೆಯ ಮೇಲೆ ಕೈ ಇಡಬೇಡಿ, ಫೋಟೊ ತೆಗೆಯಬೇಡಿ. ಊಟ ಬಿಟ್ಟರೆ ಗಾಬರಿ ಬೇಡ, ನೀರು ಕುಡಿಯುತ್ತಿದೆಯಾ ನೋಡಿ. ಎರಡು ದಿನ ಏನೂ ಮುಟ್ಟದಿದ್ದರೆ ಡಾಕ್ಟರ್. ಮನೆಯಲ್ಲಿ ಉಚ್ಚೆ ಹೊಯ್ದರೆ ಮೂಗು ತಿಕ್ಕಿ ಬೈಯುವ ಕ್ರೂರ ಬುದ್ಧಿ ಬಿಡಿ. ಅದು ಕಂಗಾಲಾಗಿದೆ, ಅಷ್ಟೇ. ಬಕೆಟ್‌ಗೆ ಗಟಗಟ ಫಿನಾಯಿಲ್ ಸುರಿದು ಒರೆಸುವುದೂ ಬೇಡ. ನಾಯಿ ಆ ನೆಲದ ಮೇಲೆ ನಡೆದು ಪಾದ ನೆಕ್ಕುತ್ತದೆ. ನೀರಿಗೆ ಒಂದಿಷ್ಟು ಬಿಳಿ ವಿನೆಗರ್ ಬೆರೆಸಿ ಒರೆಸಿ. ವಾಸನೆ ಹೋದರೆ ಮತ್ತೆ ಅದೇ ಜಾಗಕ್ಕೆ ಹೋಗುವುದು ಕಡಿಮೆ.

ಊಟ ಹಳೆ ಮನೆಯದೇ ಇರಲಿ, ಅದು ನಿಮಗೆ ಎಷ್ಟೇ ಕಳಪೆ ಅನ್ನಿಸಿದರೂ. ಒಂದು ವಾರ ಕಳೆದ ಮೇಲೆ ಒಂದು ಮುಷ್ಟಿ ಹೊಸದು ಬೆರೆಸಿ, ದಿನ ದಿನಕ್ಕೆ ಹೆಚ್ಚಿಸಿ. ಒಮ್ಮೆಗೇ ಬದಲಿಸಿದರೆ ಭೇದಿ ಖಂಡಿತ. ಹಲ್ಲು ಸವೆದ ನಾಯಿಗೆ ಬಿಸಿನೀರು ಹಾಕಿ ಅಂಬಲಿಗಿಂತ ಚೂರು ಗಟ್ಟಿಯಾಗಿ ಕಲಸಿ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಕೂಡದು. ಉಳಿದ ಸಾರು, ಪಲ್ಯ ಹಾಕುವವರು ಅದರಲ್ಲಿ ಈರುಳ್ಳಿ ಇದೆ ಅನ್ನುವುದನ್ನೇ ಮರೆಯುತ್ತಾರೆ. ಬೇಯಿಸಿದ ಎಲುಬು ಬೇಡ, ಚೂಪಾಗಿ ಒಡೆದು ಕರುಳಿಗೆ ಚುಚ್ಚುತ್ತದೆ. ಎಷ್ಟು ಹಾಕಬೇಕು ಅನ್ನುವುದಕ್ಕೆ ಪಕ್ಕೆಲುಬು ಮುಟ್ಟಿ ನೋಡಿ. ನಿಮ್ಮ ಅಂಗೈ ಚಾಚಿ ಅದರ ಹಿಂಬದಿಯ ಮೇಲೆ ಬೆರಳಾಡಿಸಿದರೆ ಮೂಳೆ ತಿಳಿಯುತ್ತದಲ್ಲ, ಹಾಗೆ ತಿಳಿಯಬೇಕು. ಅದಕ್ಕಿಂತ ಹೆಚ್ಚು ಕೊಬ್ಬಿದ್ದರೆ ಕೀಲಿಗೆ ಭಾರ.

ಕೀಲು ಅಂದೆ. ನಿಮ್ಮ ಹೊಳೆಯುವ ಟೈಲ್ಸ್ ಮುದಿ ನಾಯಿಗೆ ಶತ್ರು. ಕಾಲು ಜಾರಿ ಜಾರಿ ಅದು ಏಳುವುದನ್ನೇ ಬಿಡುತ್ತದೆ, ಆಮೇಲೆ "ಸೋಮಾರಿಯಾಗಿದೆ" ಅನ್ನುತ್ತೀರಿ. ಕೌದಿಯಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಬಾಗಿಲಿಗೆ ರಬ್ಬರ್ ಮ್ಯಾಟ್ ಹಾಸಿ. ಹಳೆ ಯೋಗ ಮ್ಯಾಟ್ ಕತ್ತರಿಸಿದರೂ ನಡೆಯುತ್ತದೆ. ಉಗುರು ಟಕಟಕ ಅನ್ನುತ್ತಿದ್ದರೆ ಕತ್ತರಿಸಿಸಿ. ಕುಂಟಿತು ಅಂತ ನಿಮ್ಮ ಡ್ರಾವರಿನ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಡಬೇಡಿ. ನಾಯಿಯ ಹೊಟ್ಟೆ, ಕಿಡ್ನಿ, ಲಿವರ್ ಹಾಳಾಗುತ್ತದೆ, ಪ್ರಾಣವೂ ಹೋಗುತ್ತದೆ. ಪುಣೆಯ ಡಿಸೆಂಬರ್ ಚಳಿಗೆ ನೋವು ಹೆಚ್ಚು, ಆಗ ಕೌದಿಯ ಕೆಳಗೆ ಒಂದು ಚಾಪೆ ಸೇರಿಸಿ.

ಸ್ವಲ್ಪ ನಿಮ್ಮ ಕೈಗೆ ಹೊಂದಿಕೊಂಡ ಮೇಲೆ ಡಾಕ್ಟರ್ ಹತ್ತಿರ ಹೋಗಿ. ಕಾಯಿಲೆಯಿದ್ದರೆ ಮಾತ್ರ ಕಾಯಬೇಡಿ. ಲಸಿಕೆ, ಹಲ್ಲು, ಎದೆಬಡಿತ, ಕಿಡ್ನಿ ಮತ್ತು ಸಕ್ಕರೆಯ ರಕ್ತ ಪರೀಕ್ಷೆ ಮಾಡಿಸಿ. ಇದ್ದಕ್ಕಿದ್ದ ಹಾಗೆ ಜಾಸ್ತಿ ನೀರು ಕುಡಿಯುತ್ತಿದ್ದರೆ ಮರೆಯದೆ ಹೇಳಿ. ಕಣ್ಣು ನೀಲಿ ಮಂಜಾಗಿದ್ದರೆಲ್ಲ ಪೊರೆ ಅಲ್ಲ, ವಯಸ್ಸಿಗೆ ಹಾಗಾಗುತ್ತದೆ, ಡಾಕ್ಟರ್ ನೋಡಿ ಹೇಳಲಿ. ಮೈ ಬಿಸಿ ಅಂತ ಜ್ವರ ಅನ್ನಬೇಡಿ, ನಾಯಿಯ ಮೈ ನಮ್ಮದಕ್ಕಿಂತ ಬಿಸಿ, 101ರಿಂದ 102.5 ಫ್ಯಾರನ್‌ಹೀಟ್ ಸಹಜ. ಆದರೆ ಒಸಡು ಬಿಳಿಚಿಕೊಂಡು, ಮೈಯಲ್ಲಿ ಉಣ್ಣಿಯೂ ಕಂಡು, ಊಟ ಬಿಟ್ಟರೆ ತಡಮಾಡಬೇಡಿ.

ಹಳೆ ಯಜಮಾನರು ನೋಡಲು ಬರುತ್ತೇನೆ ಅಂದರೆ? ಮೊದಲ ಮೂರು ತಿಂಗಳು ಬೇಡ ಅನ್ನುತ್ತೇನೆ ನಾನು. ಬಂದು ಹೋದ ಮೇಲೆ ನಾಯಿ ಬಾಗಿಲಲ್ಲೇ ಕೂರುತ್ತದೆ. ಅವರಿಗೂ ಸಂಕಟ ಇರುತ್ತದೆ, ಅದು ನನಗೆ ಅರ್ಥವಾಗುತ್ತದೆ. ವಾರಕ್ಕೊಮ್ಮೆ ಫೋಟೊ ಕಳಿಸಿ, ಚೆನ್ನಾಗಿ ತಿನ್ನುತ್ತಿದೆ ಅಂತ ಹೇಳಿ.

ಸೊಸೈಟಿಯವರು ಲಿಫ್ಟಿನಲ್ಲಿ ನಾಯಿ ತರಬೇಡಿ ಅಂದರೆ ಜಗಳ ಬೇಡ. ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯ ಪ್ರಿಂಟ್ ಕೊಡಿ, ಸಾಕುನಾಯಿಗೆ ಲಿಫ್ಟ್ ನಿಷೇಧಿಸುವ ಹಾಗಿಲ್ಲ ಅಂತ ಅದರಲ್ಲಿದೆ. ಕಾಲುನೋವಿನ ನಾಯಿ ನಾಲ್ಕು ಮಹಡಿ ಹತ್ತಬೇಕಾ? ಇನ್ನು ಬೇಡವಾದ ನಾಯಿಯನ್ನು ಗೇಟಿನ ಹೊರಗೆ ಬಿಟ್ಟು ಹೋಗುವವರಿಗೆ ಮುಖಕ್ಕೆ ಹೇಳಿ, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅದು ಅಪರಾಧ.

ಕೊನೆಗೆ ಢೋಲು. ಗಣಪತಿ ಹಬ್ಬಕ್ಕೆ ವಾರಗಟ್ಟಲೆ ಮೊದಲೇ ಇಲ್ಲಿಯ ಮುಠಾ ನದಿಯ ದಡದಲ್ಲಿ ಮೆರವಣಿಗೆಯ ಢೋಲ್ ತಾಶಾ ವಾದ್ಯದವರ ಪ್ರಾಕ್ಟೀಸ್ ಶುರುವಾಗುತ್ತದೆ. ಹೊಸ ಮನೆಯಲ್ಲಿ ಇನ್ನೂ ಬೇರು ಬಿಡದ ನಾಯಿ ಆ ಸದ್ದಿಗೆ ಬೆಲ್ಟ್ ಕಳಚಿಕೊಂಡು ಓಡುತ್ತದೆ, ಓಡುವುದೂ ಎಷ್ಟೋ ಸಲ ಹಳೆ ಮನೆಯ ದಿಕ್ಕಿಗೆ. ಕೊರಳಲ್ಲಿ ನಿಮ್ಮ ಫೋನ್ ನಂಬರಿನ ಬಿಲ್ಲೆ ಇರಲಿ. ಕೆಳಗೆ ಇಳಿಯುವಾಗ ಕೊರಳಪಟ್ಟಿಗೆ ಒಂದು, ಎದೆಪಟ್ಟಿಗೆ ಒಂದು, ಎರಡು ಹಗ್ಗ ಹಾಕಿ. ಸಂಜೆ ಪ್ರಾಕ್ಟೀಸ್ ಆರಂಭವಾಗುವ ಮೊದಲೇ ಸುತ್ತಾಡಿಸಿ ತನ್ನಿ. ಒಳಕೋಣೆಯಲ್ಲಿ ಕೌದಿ ಹಾಸಿ, ಕಿಟಕಿ ಮುಚ್ಚಿ, ಫ್ಯಾನ್ ಜೋರಾಗಿ ಹಾಕಿ. ತೀರಾ ನಡುಗುವ ನಾಯಿಗೆ ಭಯದ ಔಷಧಿ ಸಿಗುತ್ತದೆ. ಆದರೆ ಅದನ್ನು ಮುಂಚೆಯೇ ಒಮ್ಮೆ ಕೊಟ್ಟು ನೋಡಬೇಕಾಗುತ್ತದೆ, ಹೃದಯ ಸರಿಯಿದೆಯಾ ಅಂತಲೂ ನೋಡಬೇಕು. ಹಾಗಾಗಿ ಡಾಕ್ಟರ್ ಹತ್ತಿರ ಶ್ರಾವಣದಲ್ಲೇ ಹೋಗಿ, ಗಣಪತಿ ಬಿಡುವ ಅನಂತ ಚತುರ್ದಶಿಯ ಹಿಂದಿನ ಸಂಜೆ ಓಡಬೇಡಿ. ದೀಪಾವಳಿಯ ಪಟಾಕಿಗೂ ಅದೇ ಮಾತ್ರೆ ಬೇಕಾಗುತ್ತದೆ, ಒಟ್ಟಿಗೇ ಕೇಳಿಕೊಂಡು ಬನ್ನಿ.